ಟವೆಲಿನ ಹೊರಗೆ ನಿಂತ ಎತ್ತು

"ಸರ್, ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದೇನೆ. ಆದರೂ ಎರಡು ಸಲ ಫೇಲ್. ಇನ್ನೇನು ಮಾಡಬೇಕು ಹೇಳಿ?"

ಮಂದಾಕಿನಿ ತನ್ನ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಯನ್ನು ಮೇಷ್ಟ್ರ ಮೇಜಿನ ಮೇಲೆ ಹೆಚ್ಚುಕಡಿಮೆ ಕುಕ್ಕಿದಳು. ಬಿ.ಕಾಂ. ಎರಡನೇ ವರ್ಷದ ವ್ಯವಹಾರ ಕಾನೂನು ಅವಳ ಜೀವ ತಿನ್ನುತ್ತಿತ್ತು. ಈ ಸಲವೂ ಹೋದರೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

ಗುರುಶಾಂತಪ್ಪ ಮೇಷ್ಟ್ರು ಮೊದಲ ಉತ್ತರ ಓದಿದರು. ಪ್ರಸ್ತಾವ, ಸ್ವೀಕೃತಿ, ಪ್ರತಿಫಲ ಎಂದು ಏಳು ಪುಟ. ಕೊನೆಯಲ್ಲಿ, 'ಆದ್ದರಿಂದ ಈ ಒಪ್ಪಂದ ಊರ್ಜಿತ.'

"ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ?" ಎಂದು ಕೇಳಿದರು.

"ಊರ್ಜಿತವಲ್ಲ ಸರ್. ಹನ್ನೊಂದನೇ ಸೆಕ್ಷನ್," ಎಂದು ಒಂದೇ ಉಸಿರಿಗೆ ಹೇಳಿದಳು.

ಮೇಷ್ಟ್ರು ಹಣೆ ಚಚ್ಚಿಕೊಂಡರು. ಇಪ್ಪತ್ತೆರಡು ವರ್ಷ ಇದೇ ಪಾಠ ಮಾಡಿ ಅವರಿಗೆ ಸಾಕುಸಾಕಾಗಿತ್ತು. ಆದರೂ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಗೆ ದನದ ವ್ಯಾಪಾರದ ಹುಚ್ಚು ಹತ್ತಿತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನಡಿ ಕೈ ಸೇರಿಸಿ, ಬೆರಳು ಹಿಡಿದು ತಿಳಿಸುತ್ತಾರೆ. ವ್ಯಾಪಾರಿ ಒಬ್ಬ ಮುದಿ ದಲ್ಲಾಳಿಯ ಬೆನ್ನುಬಿದ್ದ. ಒಂದು ಬೆರಳು ಹಿಡಿದರೆ ಎಷ್ಟು, ಅರ್ಧ ಬೆರಳಿಗೆ ಎಷ್ಟು, ಅಂಗೈ ಗೀರಿದರೆ ಏನು, ಎಲ್ಲ ಕಲಿತ. ಊಟಕ್ಕೆ ಕೂತಾಗಲೂ ಹೆಂಡತಿಯ ಕೈಮೇಲೆ ಟವೆಲ್ ಹಾಕಿ ಅಭ್ಯಾಸ ಮಾಡಿದ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಸಂತೆಯ ದಿನ ಎತ್ತು ಮಾರಲು ಬಂದ ಒಬ್ಬ ರೈತನೊಂದಿಗೆ ಕೈ ಸೇರಿಸಿದ. ಎಲ್ಲಿ ತಪ್ಪುತ್ತೇನೋ ಎಂದು ಕಣ್ಣು ಮುಚ್ಚಿಕೊಂಡು ಬೆರಳುಗಳನ್ನು ಗಮನಿಸಿದ. ಒಂದೂ ತಪ್ಪಲಿಲ್ಲ. ವ್ಯಾಪಾರ ಕುದುರಿತು. ಹಗ್ಗ ಹಿಡಿದು ಎಳೆದ. ಎತ್ತು ಮೂರು ಕಾಲಿನ ಮೇಲೆ ಕುಂಟುತ್ತ ಬಂತು.

ವ್ಯಾಪಾರಿ ಸಿಟ್ಟಿನಿಂದ ದಲ್ಲಾಳಿಯ ಬಳಿಗೆ ಹೋದ. "ನೀವು ಹೇಳಿಕೊಟ್ಟಂಗೇ ಮಾಡಿದ್ನಲ್ಲ ಯಜಮಾನ್ರೇ! ಇನ್ನೊಂದು ಬೆರಳಿನ ಲೆಕ್ಕ ಏನಾದ್ರೂ ಬಚ್ಚಿಟ್ಕೊಂಡಿದ್ರಾ?"

ದಲ್ಲಾಳಿ ಎತ್ತನ್ನು ನೋಡಿದ, ವ್ಯಾಪಾರಿಯನ್ನು ನೋಡಿದ. "ಅಲ್ಲ ಸಾವ್ಕಾರ್ರೇ, ಎತ್ತೂ ಟವೆಲಿನ ಒಳಗಿತ್ತಾ?"

ಕತೆ ಮುಗಿಯಿತು. ಮಂದಾಕಿನಿಗೆ ಇನ್ನಷ್ಟು ರೇಗಿತು.

"ಕತೆ ಚೆನ್ನಾಗಿದೆ ಸರ್. ಆದರೆ ನಾನು ಯಾವ ಸೆಕ್ಷನ್ ಓದದೆ ಬಿಟ್ಟಿದ್ದೇನೆ, ಅದನ್ನು ಹೇಳಿ."

ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ಅವಳ ಕಡೆಗೆ ತಿರುಗಿಸಿ, ಮೊದಲ ಪ್ರಶ್ನೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"'ಹದಿನಾರು ವರ್ಷದ ಹುಡುಗನೊಬ್ಬ ಸೈಕಲ್ ಅಂಗಡಿಯವನೊಂದಿಗೆ ಒಪ್ಪಂದ ಮಾಡಿಕೊಂಡ' ಅಂತ ಇದೆಯಲ್ಲಮ್ಮಾ, ಇದನ್ನು ಓದಿದೆಯಾ?"