ನೀಮಾಳ ಟಿ.ಸಿ.

ಟಾಂಜಾನಿಯಾದ ನೀಮಾ ನಮ್ಮೂರ ಕಾಲೇಜಿನ ಒಬ್ಬಳೇ ವಿದೇಶಿ ವಿದ್ಯಾರ್ಥಿನಿ. ಎರಡು ವರ್ಷ ಓದಿದ ಮೇಲೆ ಅವಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆ ವಾರವೇ ಟಿ.ಸಿ. ಒಯ್ದು ಸೇರದಿದ್ದರೆ ಸೀಟೂ ಹೋಗುತ್ತಿತ್ತು, ವೀಸಾವೂ ಹೋಗುತ್ತಿತ್ತು. ಪ್ರಿನ್ಸಿಪಾಲ್ ಚನ್ನವೀರಯ್ಯನವರು ಟಿ.ಸಿ. ಕೊಡಲು ಒಪ್ಪಲೇ ಇಲ್ಲ.

“ನೀನು ಹೋದರೆ ನಮ್ಮದು ಅಂತಾರಾಷ್ಟ್ರೀಯ ಕಾಲೇಜು ಅಂತ ಹೇಗಮ್ಮ ಹೇಳೋದು?” ಎಂದರು.

ನೀಮಾಳ ಮೈ ಉರಿದುಹೋಯಿತು. “ನಾನೇನು ಪ್ರದರ್ಶನದ ಗೊಂಬೆನಾ ಸರ್?” ಎಂದು ಹೊರಬಂದಳು.

ಮರುದಿನ ಕಾಲೇಜಿನ ವಾರ್ಷಿಕೋತ್ಸವ. ಅದೇ ವಿಶ್ವವಿದ್ಯಾಲಯದ ಕುಲಪತಿಗಳು ಮುಖ್ಯ ಅತಿಥಿ. ಅವರ ಮುಂದೆ ಮೆರೆಯಲೆಂದು ಪ್ರಿನ್ಸಿಪಾಲರು ನೀಮಾಳ ಕೈಗೆ ಮೈಕು ಕೊಟ್ಟರು. ಅವಳು ಸಿಟ್ಟು ನುಂಗಿಕೊಂಡು, ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲೇ ಹೇಳಿದಳು:

“ನಾನು ಕುಲಪತಿಗಳ ವಿಶ್ವವಿದ್ಯಾಲಯಕ್ಕೇ ಸೇರುತ್ತಿದ್ದೇನೆ. ನನ್ನ ಟಿ.ಸಿ.ಯನ್ನು ಅವರ ಎದುರಿಗೇ ಕೊಡಬೇಕೆಂದು ಪ್ರಿನ್ಸಿಪಾಲರು ಇಷ್ಟು ದಿನ ಇಟ್ಟುಕೊಂಡಿದ್ದಾರೆ. ಈಗ ಕೊಡುತ್ತಾರೆ.”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕುಲಪತಿಗಳು ಎದ್ದು ನಿಂತು, “ಬಹಳ ಸಂತೋಷ, ಕೊಡಿ” ಎಂದರು. ಚನ್ನವೀರಯ್ಯನವರ ಮುಖ ಕಪ್ಪಿಟ್ಟಿತು. ಬೆವರು ಒರೆಸಿಕೊಳ್ಳುತ್ತ ಆಫೀಸಿಗೆ ಓಡಿ, ಸಹಿ ಹಾಕಿ ತಂದುಕೊಟ್ಟರು.

“ಥ್ಯಾಂಕ್ಸ್ ಆದರೂ ಹೇಳು” ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

“ಯಾಕೆ ಸರ್? ನನ್ನದನ್ನ ನನಗೆ ಕೊಟ್ಟಿದ್ದಕ್ಕಾ?” ಎಂದು ನೀಮಾ ಮೈಕಿನಲ್ಲೇ ಕೇಳಿದಳು.