ಸಿಳ್ಳೆಹೊಂಡಕ್ಕೆ ಹೆಸರು ತಂದ ಕುದುರೆ

ತೊರೆಹಾಳದಲ್ಲಿ ಪಾಗಾದ ಮನೆತನದ ಪರಿಚಯ ಹೇಳಿಕೊಳ್ಳುವ ಪ್ರಸಂಗ ನನಗೆ ಇದುವರೆಗೆ ಬಂದಿರಲಿಲ್ಲ. ಪಾಗಾ ಎಂದರೆ ಕುದುರೆಲಾಯ. ಇಲ್ಲಿಯ ದೇಸಾಯರ ಕುದುರೆಗಳನ್ನು ಏಳು ತಲೆಮಾರು ನೋಡಿಕೊಂಡವರು ನಾವು. ನಮ್ಮ ಲಾಯದಿಂದ ಒಂದು ಕುದುರೆಯೂ ಕುಂಟುತ್ತ ದಂಡಿಗೆ ಹೊರಟದ್ದಿಲ್ಲ. ಮುತ್ತಜ್ಜನವರು ಊರಿನ ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟರು, ತಂದೆಯವರು ಅದರ ಮೇಲೆ ಮಾಳಿಗೆ ಕಟ್ಟಿಸಿದರು, ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಬಂದು ಅದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಮುಖ್ಯಾಧ್ಯಾಪಕಿಯಾಗಿದ್ದೆ. ಇಂದು ಊರಿನಲ್ಲಿ ಸಹಿ ಹಾಕಬಲ್ಲ ಹೆಂಗಸರಲ್ಲಿ ಅರ್ಧದಷ್ಟು ಮಂದಿಯ ಅಕ್ಷರ ನನ್ನ ಕೈಕೆಳಗೆ ತಿದ್ದಿದ್ದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕೇಳಿ ಬರೆಯಬೇಕು ಎಂಬ ಪಾಠವನ್ನು ಈ ಊರಿಗೆ ಕಲಿಸಿದ ಮನೆ ನಮ್ಮದು. ಕೇಳಿದ್ದರೆ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ.

ಊರಿನ ಪಡುವಣಕ್ಕೆ, ಹಳೆಯ ಕೋಟೆಗೋಡೆ ಮುಗಿಯುವಲ್ಲಿ, ಸಿಳ್ಳೆಹೊಂಡವಿದೆ. ಮೂರು ಬದಿ ಕಲ್ಲಿನ ಮೆಟ್ಟಿಲು, ನಾಲ್ಕನೆಯ ಬದಿಯಲ್ಲಿ ಮೆಟ್ಟಿಲಿಲ್ಲದ ಇಳಿಜಾರು. ಹೊಂಡ ನೋಡಲು ಈಗ ಬಸ್ಸಿನಲ್ಲಿ ಜನ ಬರುತ್ತಾರೆ. ಅವರಿಗಾಗಿ ಹೊಂಡದ ಸುಂದರೀಕರಣ ಸಮಿತಿಯವರು ಕಳೆದ ತಿಂಗಳು ಒಂದು ನೀಲಿ ಹಲಗೆ ನೆಟ್ಟಿದ್ದಾರೆ. ಹಿಂದೆ ಪಾಗಾದ ಮನೆಯ ಸೊಸೆಯೊಬ್ಬಳು ಇಲ್ಲಿ ಸಿಳ್ಳೆ ಹಾಕಿ ತನ್ನ ಪ್ರಿಯಕರನನ್ನು ಕರೆಯುತ್ತಿದ್ದಳೆಂದೂ, ಅದರಿಂದ ಈ ಹೆಸರು ಬಂತೆಂದೂ ಅದರಲ್ಲಿ ಬರೆದಿದೆ. ಬಸ್ಸಿನ ಜನ ಅದನ್ನು ಓದಿ, ನಕ್ಕು, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸೊಸೆಯ ಹೆಸರು ಹಂಪವ್ವ. ಆಕೆ ಸಿಳ್ಳೆ ಹಾಕಿದ್ದು ನಿಜ. ಯಾರಿಗಾಗಿ ಹಾಕಿದಳೆಂಬುದನ್ನು ನಮ್ಮ ಮನೆಯ ಹಿರಿಯರು ಹೇಳಿದಂತೆ ಇಲ್ಲಿ ಬರೆದಿಡುತ್ತೇನೆ.

ಹಿಂದೆ ಒಮ್ಮೆ, ದೇಸಗತಿ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ನಮ್ಮ ಲಾಯದಲ್ಲಿ ಅರವತ್ತು ಕುದುರೆಗಳಿದ್ದವಂತೆ. ಆಗ ಪಾಗಾದ ಯಜಮಾನರು ಚೆನ್ನವೀರಪ್ಪನವರು. ಕುದುರೆಗೆ ಸಿಳ್ಳೆ ಹಾಕಿ ನೀರು ಕುಡಿಸುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ದೂರದ ದಾರಿಗೆ ಹೊರಡುವ ಕುದುರೆ ಹೊಟ್ಟೆ ತುಂಬ ನೀರು ಕುಡಿದಿರಬೇಕು. ಗದ್ದಲದಲ್ಲಿ, ಗಾಬರಿಯಲ್ಲಿ ಅದು ಕುಡಿಯುವುದಿಲ್ಲ. ಆದ್ದರಿಂದ ಮರಿ ಇದ್ದಾಗಿನಿಂದ ಅದರ ಮುಂದೆ ನೀರಿಟ್ಟು ಒಂದೇ ಸಿಳ್ಳೆ ಹಾಕಿ ರೂಢಿ ಮಾಡಿಸುತ್ತಿದ್ದರು. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ. ಇದು ಮನೆಯ ಸಿಳ್ಳೆ. ಕುದುರೆಯಾಳು ಯಾರೇ ಇರಲಿ, ಸಿಳ್ಳೆ ಮಾತ್ರ ಬದಲಾಗಬಾರದು ಎಂಬುದು ಚೆನ್ನವೀರಪ್ಪನವರ ಕಟ್ಟಪ್ಪಣೆಯಾಗಿತ್ತು. ಆಳು ಇಂದು ಇರುತ್ತಾನೆ, ನಾಳೆ ಇರುವುದಿಲ್ಲ. ಕುದುರೆಗೆ ನೀರು ತಪ್ಪಬಾರದು.

ಈ ಅಪ್ಪಣೆಯನ್ನು ಮೀರಿದವನು ಒಬ್ಬನೇ. ಲಾಯದ ಹಿರಿಯ ಆಳು ಲಾಲಸಾಬ. ಹುಟ್ಟಿದ ಮೂರನೆಯ ದಿನವೇ ತಾಯಿಯನ್ನು ಕಳೆದುಕೊಂಡ ಒಂದು ಬೂದು ಬಣ್ಣದ ಹೆಣ್ಣುಮರಿಯನ್ನು ಅವನು ಆಡಿನ ಹಾಲು ಕುಡಿಸಿ ಬದುಕಿಸಿದ. ದಫ್ತರದಲ್ಲಿ ಅದರ ಹೆಸರು ರತ್ನಮಾಲೆ. ಆದರೆ ಆಳುಗಳ ಬುತ್ತಿಗಂಟನ್ನು ತುಟಿಯಿಂದಲೇ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅದು ಬುತ್ತಿಯಾಯಿತು. ಇಡಿಯ ರೊಟ್ಟಿ ಕೊಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ, ಮುರಿದು ಕೊಡಬೇಕು. ತನಗೆ ಕಟ್ಟಿದ ಹಗ್ಗವನ್ನು ತಾನೇ ಬಿಚ್ಚಿಕೊಂಡು, ಎಲ್ಲಿಗೂ ಹೋಗದೆ, ಅದನ್ನು ಬಾಯಲ್ಲಿ ಹಿಡಿದು ಲಾಲಸಾಬ ಬರುವ ತನಕ ನಿಂತಿರುತ್ತಿತ್ತು. ಬೇರೆ ಕುದುರೆಯ ಮೈಯನ್ನು ಮೊದಲು ಉಜ್ಜಿದರೆ ಗೋಡೆಗೆ ಮುಖ ಮಾಡಿ ನಿಂತು ಆ ದಿನವೆಲ್ಲ ಯಾರಿಗೂ ಮುಖ ತೋರಿಸುತ್ತಿರಲಿಲ್ಲ. ಲಾಯಕ್ಕೆ ಬಂದ ಅತಿಥಿಗಳ ರುಮಾಲನ್ನು ಹಗುರವಾಗಿ ಎತ್ತಿ, ಕೆಳಗೆ ಬೀಳಿಸದೆ, ಗೋದಲಿಯಲ್ಲಿ ಹುಲ್ಲಿನ ಮೇಲೆ ಇಡುತ್ತಿತ್ತು. ಒಮ್ಮೆ ನೆರೆಯ ಸಂಸ್ಥಾನದ ಕಾರಭಾರಿಗಳು ಹಾಗೆ ಬರಿತಲೆಯಲ್ಲಿ ನಿಂತಾಗ ಬುತ್ತಿ ಅವರ ಅತ್ತರಿನ ವಾಸನೆಗೆ ಮೇಲ್ತುಟಿ ಮಡಚಿ ಹಲ್ಲು ತೋರಿಸಿತಂತೆ. ಕಾರಭಾರಿಗಳು, "ಏನ್ರಿ ಯಜಮಾನ್ರ, ನಿಮ್ಮ ಕುದರಿ ನನ್ನ ನೋಡಿ ನಗತೈತಿ?" ಎಂದರೆ, ಲಾಲಸಾಬ ಕೈಮುಗಿದು, "ನಗೂದಲ್ರಿ ಸರಕಾರ, ಕಲಿತಿದ್ದಷ್ಟು ಸಲಾಮ ಮಾಡಾಕತ್ತೈತಿ" ಎಂದನಂತೆ.

ಆ ಮರಿ ಮೊದಮೊದಲು ನೀರು ಮುಟ್ಟುತ್ತಿರಲಿಲ್ಲ. ಮನೆಯ ಸಿಳ್ಳೆಗೆ ಕಿವಿ ಎತ್ತಿ, ನೀರನ್ನು ನೋಡಿ, ಹಿಂದೆ ಸರಿಯುತ್ತಿತ್ತು. ಲಾಲಸಾಬ ಆ ಸಿಳ್ಳೆಯ ಕೊನೆಗೆ ತನ್ನದೊಂದು ಎಳೆ ಸೇರಿಸಿದ. ಮೇಲಿನಿಂದ ಮೆಲ್ಲಗೆ ಕೆಳಗಿಳಿಯುವ, ಬಾಗಿಲ ಮರೆಯಲ್ಲಿ ಅಡಗಿದ ಮಗುವನ್ನು ಕರೆಯುವಂಥ ಒಂದು ಇಳಿದನಿ. ಅದಕ್ಕೆ ಮರಿ ಮೂತಿ ಇಳಿಸಿ ಕುಡಿಯಿತು. ಮುಂದೆ ಹನ್ನೊಂದು ವರ್ಷ ಅವನು ಬುತ್ತಿಯನ್ನು ಎಲ್ಲರಿಗಿಂತ ಮೊದಲು, ನಸುಕಿನಲ್ಲಿ ಒಬ್ಬನೇ ಹೊಂಡಕ್ಕೆ ಕರೆದೊಯ್ಯುತ್ತಿದ್ದ. ಕದ್ದು ಮಾಡಿದ ತಪ್ಪನ್ನು ಯಾರೂ ಕೇಳಬಾರದೆಂದೇ ಹಾಗೆ ಮಾಡಿದ ಎನ್ನುತ್ತಾರೆ. ಸಂಜೆಯ ಹೊತ್ತು ಬಾನಿಯಲ್ಲಿ ನೀರಿಟ್ಟು, ಅದರ ಕಿವಿಯ ಹತ್ತಿರ, ಉಸಿರಿನಷ್ಟು ಸಣ್ಣಗೆ ಹಾಕುತ್ತಿದ್ದನಂತೆ.

ಹನ್ನೆರಡನೆಯ ವರ್ಷದ ಚೈತ್ರದಲ್ಲಿ ಲಾಲಸಾಬ ಒಂದೇ ರಾತ್ರಿಯ ಜ್ವರಕ್ಕೆ ತೀರಿಕೊಂಡ. ಮಣ್ಣು ಮುಗಿಸಿ ಬಂದ ಆಳುಗಳು ಬುತ್ತಿಯನ್ನು ಹೊಂಡಕ್ಕೆ ಇಳಿಸಿ ಸಿಳ್ಳೆ ಹಾಕಿದರು. ಅದು ಕಿವಿ ಎತ್ತಿ ಕೇಳಿತು. ಸಿಳ್ಳೆ ಮುಗಿದ ಮೇಲೂ ಇನ್ನೇನೋ ಬರಲಿದೆ ಎಂಬಂತೆ ಕಾದಿತು. ಬರದಿದ್ದಾಗ ತಿರುಗಿ ದಂಡೆ ಹತ್ತಿತು. ಆಳುಗಳು ಒಬ್ಬರಾದ ಮೇಲೆ ಒಬ್ಬರು ಸಿಳ್ಳೆ ಹಾಕಿದರು. ಚೆನ್ನವೀರಪ್ಪನವರು ಹಾಕಿದರು. ಬುತ್ತಿಯನ್ನು ತಮ್ಮ ಮಗಳಂತೆ ಕಾಣುತ್ತಿದ್ದ ದೇಸಾಯರು ಜರಿಯ ಪೇಟ ತೆಗೆದಿಟ್ಟು ಬಂದು ಹಾಕಿದರು. ದಫ್ತರದ, ಮುಂದಿನ ಹಲ್ಲಿಲ್ಲದ ಕುಲಕರ್ಣಿಯವರು ಹಾಕಿದಾಗ ಬರೀ ಗಾಳಿ ಬಂತು. ಬುತ್ತಿ ಎಲ್ಲರನ್ನೂ ಒಂದೇ ಮರ್ಯಾದೆಯಿಂದ ಕೇಳಿಸಿಕೊಂಡು, ಕಾದು, ತಿರುಗಿ ಹೋಯಿತು. ನೆನೆಸಿದ ಹುಲ್ಲು ಕೊಟ್ಟರೆ ಒದರಿ ಒದರಿ ನೀರು ಕೆಡವಿ ನಾಲ್ಕು ಎಳೆ ತಿಂದಿತು. ಮೂರನೆಯ ದಿನ ಕುದುರೆವೈದ್ಯ ಬಂದು ಅದರ ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟ. ಚಿವುಟಿದ ಚರ್ಮ ಗುಡಾರದಂತೆ ಹಾಗೆಯೇ ನಿಂತಿತು. ನಾಳೆ ಮಧ್ಯಾಹ್ನದೊಳಗೆ ಕುಡಿಯದಿದ್ದರೆ ಕರುಳು ಗಂಟುಬೀಳುತ್ತದೆ, ಆಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೋದ.

ಹಂಪವ್ವ ಚೆನ್ನವೀರಪ್ಪನವರ ಹಿರಿಯ ಸೊಸೆ. ಹೆಚ್ಚು ಮಾತಿಲ್ಲದ ಹೆಂಗಸು. ಆ ಕಾಲದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ತಲೆಬಾಗಿಲಿನಿಂದ ಹೊರಗೆ ಬರುತ್ತಿರಲಿಲ್ಲ. ಆದರೆ ಬೀಸುವ ಕೋಣೆಯ ಕಿಂಡಿ ಹೊಂಡದ ಕಡೆಗೆ ತೆರೆದಿತ್ತು. ನಸುಕಿನಲ್ಲಿ ಎದ್ದು ಜೋಳ ಬೀಸುವುದು ಆಕೆಯ ಕೆಲಸ. ಹನ್ನೊಂದು ವರ್ಷ ಪ್ರತಿದಿನ ಲಾಲಸಾಬನ ಸಿಳ್ಳೆಯನ್ನು, ಅದರ ಬಾಲದ ಇಳಿದನಿಯ ಸಮೇತ, ಕೇಳಿದ್ದವಳು ಆಕೆಯೊಬ್ಬಳೇ. ಮನೆಯ ಗಂಡಸರು ಎಲ್ಲಿ ತಪ್ಪುತ್ತಿದ್ದಾರೆಂದು ಮೊದಲ ದಿನವೇ ಆಕೆಗೆ ತಿಳಿದಿತ್ತು. ಗಂಡನಿಗೆ ಹೇಳಿದಳು, ಅವನಿಗೆ ಆ ಎಳೆಯನ್ನು ಬರಿಯ ಮಾತು ಕೇಳಿ ಕಲಿಯಲು ಬರಲಿಲ್ಲ. ಮಾತಿನಲ್ಲಿ ವಿವರಿಸಲು ಆಗುವಂಥದ್ದಲ್ಲ, ಹಾಕಿ ತೋರಿಸಬೇಕು; ಆದರೆ ಹೆಣ್ಣು ಸಿಳ್ಳೆ ಹಾಕುವುದೆಂದರೆ ಮನೆಗೆ ಕೇಡೆಂದು ನಂಬಿದ್ದ ಕಾಲ. ವೈದ್ಯ ಹೋದ ಮರುದಿನ ಬೆಳಿಗ್ಗೆ ಆಕೆ ಬೀಸುಗಲ್ಲು ಬಿಟ್ಟು ಎದ್ದು ಪಡಸಾಲೆಗೆ ಬಂದಳು. ತಾನು ಹೊಂಡಕ್ಕೆ ಹೋಗುತ್ತೇನೆ ಎಂದಾಗ ಅತ್ತೆ ಅಂಬವ್ವ ದಾರಿಗೆ ಅಡ್ಡ ನಿಂತರು.

"ಹೆಣ್ಣಾಗಿ ಸಿಳ್ಳ ಹಾಕತಿ? ಮನ್ಯಾಗಿನ ಲಕ್ಷ್ಮಿ ಹೊಸ್ತಿಲ ದಾಟತಾಳ, ಗೊತ್ತೈತಿಲ್ಲ?"

"ಲಾಯದಾಗ ಕುದರಿ ನೀರಿಲ್ದ ಬಿದ್ದ ಸತ್ತ್ರ, ಪಾಗಾದ ಮನ್ಯಾಗ ಯಾವ ಲಕ್ಷ್ಮಿ ಕುಂತಿರತಾಳರಿ ಅತ್ತಿ?"

"ಊರಮಂದಿ ಏನಂದಾರು?"

"ಅಂತಾರ. ಅಂದ್ರ ನನಗಂತಾರ. ಅದಕ್ಕ ನೀರಡಿಕಿ ಆಗೇತ್ರಿ."

ಚೆನ್ನವೀರಪ್ಪನವರು ಎದ್ದು ಲಾಯಕ್ಕೆ ಹೋದರು. ತಾವೇ ಬುತ್ತಿಯ ಹಗ್ಗ ಹಿಡಿದು ಮುಂದೆ ನಡೆದರು. ಹಂಪವ್ವ ಹಿಂದೆ ನಡೆದಳು. ಅಂದು ಸಂತೆಯ ದಿನವಾದ್ದರಿಂದ ಹೊಂಡದ ಸುತ್ತ ಜನ ತುಂಬಿದ್ದರು ಎನ್ನುತ್ತಾರೆ. ಆಕೆ ಇಳಿಜಾರಿನಲ್ಲಿ ನೀರಿನ ಅಂಚಿಗೆ ಹೋಗಿ, ಮರ್ಯಾದೆಗಾಗಿ ಬಾಯಿಗೆ ಸೆರಗು ಮುಚ್ಚಿಕೊಂಡು ಊದಿದಳು. ಸೆರಗಿನ ಹಿಂದೆ ದನಿ ಹುಟ್ಟಲಿಲ್ಲ. ಮತ್ತೊಮ್ಮೆ ಊದಿದಳು. ಬುತ್ತಿಯ ಕಾಲುಗಳು ನಡುಗುತ್ತಿದ್ದವು. ಆಕೆ ಅದನ್ನು ನೋಡಿ, ಸೆರಗನ್ನು ಬಾಯಿಂದ ತೆಗೆದು ಸೊಂಟಕ್ಕೆ ಸಿಗಿಸಿ, ತೆರೆದ ಮುಖದಲ್ಲಿ, ಸಂತೆಯ ಎದುರಿಗೆ, ಸಿಳ್ಳೆ ಹಾಕಿದಳು. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಕಡೆಗೆ ಆ ಇಳಿದನಿ. ಬುತ್ತಿಯ ಎರಡೂ ಕಿವಿ ಅವಳ ಕಡೆಗೆ ತಿರುಗಿದವು. ಅದು ಮೊದಲು ಅವಳ ಮುಖವನ್ನು ಮೂಸಿತು, ಹಣೆಯಿಂದ ಗಲ್ಲದವರೆಗೆ, ಈ ದನಿ ಇಲ್ಲಿಗೆ ಹೇಗೆ ಬಂತು ಎಂದು ಹುಡುಕುವಂತೆ. ಆಮೇಲೆ ಮೂತಿ ಇಳಿಸಿ ಕುಡಿಯತೊಡಗಿತು. ಹಂಪವ್ವ ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ಆದ್ದರಿಂದ ಆಕೆ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ತುಟಿ ಸಡಿಲಬಾರದೆಂದು ಆಕೆ ಅಳುವನ್ನು ತಡೆದಳಂತೆ.

ಸಂತೆಯಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಹಲವರು. "ಏ, ಪಾಗಾದವ್ರ ಸೊಸಿ ಸಿಳ್ಳ ಹಾಕತಾಳಲೇ! ನಾಳಿಗೆ ಅತ್ತಿ ಹಲಗಿ ಬಡಿಯಾಕ ಬರತಾಳೇನ?" ಎಂದು ಬಳೆಗಾರನೊಬ್ಬ ಕೂಗಿದ. ಆಗ ಚೆನ್ನವೀರಪ್ಪನವರು ತಿರುಗಿ ನಿಂತು, ಎಂದೂ ಏರದ ದನಿಯನ್ನು ಅಂದೂ ಏರಿಸದೆ ಹೇಳಿದರು. "ನಗೂದಿದ್ರ ಕುದರಿ ಕುಡದು ಮುಗಿಸಿದ ಮ್ಯಾಲ ನಗ್ರಿ. ಈಗ ನಕ್ಕ್ರ ನನ್ನ ಸೊಸಿ ಉಸುರು ತಪ್ಪತೈತಿ." ಬುತ್ತಿ ಕುಡಿದು ಮುಗಿಸುವ ಹೊತ್ತಿಗೆ ನಗುವವರು ಯಾರೂ ಉಳಿದಿರಲಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಷ್ಟು ಹೊತ್ತು ಅದು ಕುಡಿಯಿತು.

ಆದರೆ ಊರು ಅಷ್ಟಕ್ಕೇ ಬಿಡಲಿಲ್ಲ. ಸಿಳ್ಳೆಹೊಂಡ ಎಂಬ ಹೆಸರು ಮೊದಲು ಹಂಗಿಸಲೆಂದೇ ಹುಟ್ಟಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಹಂಪವ್ವ ಮುಂದೆ ಒಂಬತ್ತು ವರ್ಷ, ಬುತ್ತಿ ಮುದಿಯಾಗಿ ಸಾಯುವವರೆಗೆ, ಬೆಳಿಗ್ಗೆ ಮತ್ತು ಸಂಜೆ ಆ ಇಳಿಜಾರಿಗೆ ಹೋದಳು. ಅಂಬವ್ವ ಒಂದು ತಿಂಗಳು ಸೊಸೆಯ ಕೈಯಿಂದ ನೀರು ಮುಟ್ಟಲಿಲ್ಲ. ಆ ವರ್ಷದ ಮಾಗಿಯಲ್ಲಿ ಹಂಪವ್ವನಿಗೆ ಕೆಮ್ಮು ಹತ್ತಿ ದನಿ ಹೋಯಿತು. ಆಗ ಬೆಳಕು ಹರಿಯುವ ಮೊದಲೇ ಮೆಣಸಿನ ಕಷಾಯ ಕಾಸಿಕೊಂಡು ಬಂದು ಸೊಸೆಯ ಹಾಸಿಗೆಯ ಹತ್ತಿರ ಕುಳಿತವರು ಅಂಬವ್ವನವರೇ. "ಬಾಯಿ ತೆರಿ. ಅಲ್ಲಿ ನಿನ್ನ ಮಗಳು ಹಗ್ಗ ಬಾಯಾಗ ಹಿಡ್ಕೊಂಡ ನಿಂತಾಳ" ಎಂದರಂತೆ. ಚೆನ್ನವೀರಪ್ಪನವರು ತಮ್ಮ ಅಪ್ಪಣೆಯನ್ನು ತಾವೇ ತಿದ್ದಿದರು. ಹುಟ್ಟಿದ ಪ್ರತಿ ಮರಿಗೂ ಇನ್ನು ಮುಂದೆ ಇಳಿದನಿ ಸೇರಿದ ಸಿಳ್ಳೆಯನ್ನೇ ಕಲಿಸಬೇಕು, ಲಾಯದ ಪ್ರತಿಯೊಬ್ಬ ಆಳೂ ಅದನ್ನು ಹಂಪವ್ವನಿಂದಲೇ ಕಲಿಯಬೇಕು ಎಂದರು. ಮೀಸೆ ಬಂದ ಗಂಡಸರು ಕೆಳಗಿನ ಮೆಟ್ಟಿಲಿನ ಮೇಲೆ ಸಾಲಾಗಿ ನಿಂತು ಒಬ್ಬ ಹೆಂಗಸಿನಿಂದ ಪಾಠ ಹೇಳಿಸಿಕೊಂಡರು. ತಪ್ಪಿದವರನ್ನು ಆಕೆ ಬೈಯುತ್ತಿರಲಿಲ್ಲವಂತೆ. ಬುತ್ತಿಯ ಕಡೆ ಕೈ ತೋರಿಸುತ್ತಿದ್ದಳು. ಬುತ್ತಿ ಕೋಟೆಗೋಡೆಗೆ ಮುಖ ಮಾಡುತ್ತಿತ್ತು. ಅವರು ಮತ್ತೆ ಹಾಕುತ್ತಿದ್ದರು. ಹಂಗಿಸಲು ಹುಟ್ಟಿದ ಹೆಸರು ಆ ವರ್ಷಗಳಲ್ಲಿ ತನ್ನ ಮುಳ್ಳನ್ನು ಕಳೆದುಕೊಂಡು ಬರಿಯ ಹೆಸರಾಯಿತು.

ಇಂದು ಹೊಂಡಕ್ಕೆ ಹೋದವರು ಆ ಇಳಿಜಾರನ್ನು ನೋಡಬಹುದು. ಕುದುರೆಗಳ ಗೊರಸು ಸವೆಸಿದ ಬಟ್ಟಲುಗಳು ಕಲ್ಲಿನಲ್ಲಿ ಹಾಗೆಯೇ ಇವೆ. ಮಳೆ ಬಂದಾಗ ಒಂದೊಂದರಲ್ಲೂ ಒಂದು ಗುಟುಕು ನೀರು ನಿಲ್ಲುತ್ತದೆ. ಲಾಯ ಬಿದ್ದುಹೋಗಿದೆ. ಊರಿನಲ್ಲಿ ಉಳಿದಿರುವುದು ಒಂದೇ ಕುದುರೆ, ಮದುವೆಯ ಮೆರವಣಿಗೆಗೆ ಹೋಗುವ ದಾವಲಸಾಬನ ಬಿಳಿ ಹೆಣ್ಣುಕುದುರೆ. ಬ್ಯಾಂಡಿನ ಸದ್ದಿಗೆ ಅದು ಬೆಚ್ಚುವುದಿಲ್ಲ, ಆದರೆ ಬಲೂನು ಕಂಡರೆ ಮದುಮಗನ ಸಮೇತ ಹಿಂದೆ ಹಿಂದೆ ನಡೆಯುತ್ತದೆ. ಹೋದ ವಾರ ನಾನು ಆ ಹಲಗೆಯನ್ನು ಎರಡನೆಯ ಸಲ ಓದಿ ನಿಂತಿದ್ದಾಗ ಅವನು ಅದನ್ನು ನೀರಿಗೆ ಇಳಿಸಿ ಸಿಳ್ಳೆ ಹಾಕಿದ. ಕೊನೆಯಲ್ಲಿ ಆ ಇಳಿದನಿ ಇತ್ತು. ಯಾರು ಕಲಿಸಿದರೆಂದು ಕೇಳಿದೆ. "ನಮ್ಮಪ್ಪ ಹಿಂಗ ಹಾಕತಿದ್ದರಿ ಅಕ್ಕೋರ, ಅವರಪ್ಪನೂ ಹಿಂಗ. ಕಡೀದು ಬಿಟ್ಟ್ರ ಈಕಿ ಕುಡಿಯೂದಿಲ್ರಿ, ಮಾರಿ ನೋಡ್ಕೋತ ನಿಲ್ಲತಾಳ" ಎಂದ. ಕುದುರೆ ನಿಧಾನವಾಗಿ ಕುಡಿಯಿತು. ಎಂದೂ ಸಿಳ್ಳೆ ಹಾಕುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರುಗಳಿಗೆ ಮಾತು ಕೊಟ್ಟವಳು ನಾನು. ಅಲ್ಲಿ ಅದನ್ನು ಕೇಳುತ್ತ, ಅದು ಮುಗಿಯುವ ತನಕ ನಿಂತೆ.

ಹಲಗೆಯ ಮೇಲಿನ ಮಾತುಗಳನ್ನು ಬರೆದವರು, ಓದಿ ಒಪ್ಪಿದವರು, ನೆಡಿಸಿದವರು ಯಾರೆಂದು ಸಮಿತಿಗೆ ಗೊತ್ತಿದೆ. ಹಲಗೆಯನ್ನು ಸದ್ದಿಲ್ಲದೆ ಕಿತ್ತು ಒಯ್ದರೆ ಸಾಲದು. ಅವರೆಲ್ಲರೂ ಸಂತೆಯ ದಿನ, ಹಗಲಿನಲ್ಲಿ, ಜನರ ಎದುರಿಗೆ ಆ ಇಳಿಜಾರಿನಲ್ಲಿ ನಿಂತು, ಹಂಪವ್ವನವರ ಹೆಸರು ಹಿಡಿದು ಹೇಳಿ, ಅವರ ಕ್ಷಮೆ ಕೇಳಬೇಕು.