ಬೆಲೆ ಇಲ್ಲದ ಕೌದಿ

ಹಿರೇಮರಡಿಯ ದೇಸಾಯರಿಗೆ ಇಂಗ್ಲಿಷ್ ಬರುತ್ತಿತ್ತು. ಬರುತ್ತದೆ ಎಂದು ಅವರೇ ಹೇಳುತ್ತಿದ್ದರು. ಇಲ್ಲ ಎನ್ನುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಒಮ್ಮೆ ಅವರು ಗುರುಬಸವ್ವನ ಕೈಯಲ್ಲಿ ಒಂದು ಕೌದಿ ಹೊಲಿಸಿದರು. ದೇಸಾಯರ ವಾಡೆಯ ಹಳೇ ಸೀರೆ, ಧೋತರದ ಚೂರುಗಳನ್ನೆಲ್ಲ ಕೂಡಿಸಿ ಆಕೆ ನಾಲ್ಕು ತಿಂಗಳು ಕೂತು ಹೊಲಿದಳು. ಮಾತಾಗಿದ್ದು ಇಪ್ಪತ್ತು ರೂಪಾಯಿ. ಆಕೆಯ ಮನೆಗೆ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ತುಪ್ಪ, ಒಣಕೊಬ್ಬರಿ, ಸೂಲಗಿತ್ತಿ, ಎಲ್ಲಕ್ಕೂ ಅದೇ ದುಡ್ಡು ಆಗಬೇಕಿತ್ತು.

ಕೌದಿ ವಾಡೆಗೆ ಬಂದ ದಿನವೇ ಕಲೆಕ್ಟರ್ ಸಾಹೇಬರೂ ಬಂದಿದ್ದರು. ಅದನ್ನು ಮುಟ್ಟಿ, ತಿರುವಿ ನೋಡಿ, "ಪ್ರೈಸ್‌ಲೆಸ್" ಎಂದರು. ಚಹಾ ಕುಡಿದು ಹೋದರು.

ಮರುದಿನ ಗುರುಬಸವ್ವ ದುಡ್ಡಿಗೆ ಬಂದಳು.

"ಯಾವ ದುಡ್ಡು?" ಎಂದರು ದೇಸಾಯರು. "ಸಾಹೇಬರೇ ಹೇಳಿಹೋಗಿದ್ದಾರೆ. ಪ್ರೈಸ್ ಅಂದರೆ ಬೆಲೆ, ಲೆಸ್ ಅಂದರೆ ಇಲ್ಲ. ಬೆಲೆ ಇಲ್ಲದ ಮಾಲಿಗೆ ದುಡ್ಡು ಕೇಳ್ತೀಯಲ್ಲ."

"ನನಗೆ ಇಂಗ್ಲಿಷ್ ತಿಳಿಯೋದಿಲ್ಲ ಧಣೀ. ಸೂಜಿ ಚುಚ್ಚಿದ್ದು ಮಾತ್ರ ತಿಳಿದಿದೆ."

"ನಾನೇನು ಮಾಡಲಿ? ಇಂಗ್ಲಿಷ್ ಇರೋದೇ ಹಾಗೆ."

ಕಣ್ಣೊರೆಸಿಕೊಂಡು ಮೆಟ್ಟಿಲಿಳಿಯುತ್ತಿದ್ದ ಆಕೆಯನ್ನು ಕಾರಕೂನ ಬಾಳಾಚಾರ್ಯರು ತಡೆದು ವಿಚಾರಿಸಿದರು. ವಾಡೆಯ ಇಂಗ್ಲಿಷ್ ಪತ್ರಗಳನ್ನೆಲ್ಲ ನಿಜವಾಗಿ ಬರೆಯುತ್ತಿದ್ದವರು ಅವರು.

"ನಾಳೆ ಬಾ ಗುರುಬಸವ್ವ" ಎಂದರು. "ಬರಿಗೈಲಿ ಹೋಗೋದಿಲ್ಲ ನೀನು."

ಮರುದಿನ ಆಕೆ ಬಂದು ಕಂಬದ ಪಕ್ಕ ನಿಂತಳು. ಆಚಾರ್ಯರು ಒಂದು ಕಾಗದ ಹಿಡಿದು ಒಳಬಂದರು.

"ಸಾಹೇಬರಿಗೆ ಪತ್ರ ಬರೆದಿದ್ದೇನೆ ಧಣೀ. 'ನಮ್ಮ ದೇಸಾಯರು ಪ್ರೈಸ್‌ಲೆಸ್ ಮನುಷ್ಯರು' ಅಂತ ಶುರು ಮಾಡಿದ್ದೇನೆ."

ದೇಸಾಯರ ಮುಖ ಕೆಂಪಾಯಿತು. "ನನ್ನ ಉಪ್ಪು ತಿಂದು ನನ್ನನ್ನೇ ಬೆಲೆ ಇಲ್ಲದವನು ಅಂತೀರಾ ಆಚಾರ್ಯರೆ?"

"ಛೇ ಛೇ. ಬೆಲೆ ಇಲ್ಲದ್ದಕ್ಕೆ ಅವರು ವರ್ತ್‌ಲೆಸ್ ಅಂತಾರೆ. ಪ್ರೈಸ್‌ಲೆಸ್ ಅಂದರೆ ಬೆಲೆ ಕಟ್ಟೋಕೇ ಆಗದ್ದು. ಆದರೆ ನಿನ್ನೆ ಧಣಿಗಳು ಬೇರೆ ಅರ್ಥ ಹೇಳಿದಿರಂತೆ. ಧಣಿಗಳ ಇಂಗ್ಲಿಷಿನ ಮುಂದೆ ನನ್ನದೇನು? ನಿಮ್ಮ ಅರ್ಥವೇ ಇರಲೋ, ನನ್ನದಿರಲೋ?"

ದೇಸಾಯರು ಕೌದಿಯ ಕಡೆ ನೋಡಿದರು, ಕಾಗದದ ಕಡೆ ನೋಡಿದರು. ನಿನ್ನೆಯ ಅರ್ಥ ಹಿಡಿದರೆ ಮಾನ ಹೋಗುತ್ತದೆ, ಇವತ್ತಿನದು ಹಿಡಿದರೆ ದುಡ್ಡು.

"ನಿಮ್ಮದೇ ಇರಲಿ" ಎಂದರು ಮೆಲ್ಲಗೆ.

"ಹಾಗಾದರೆ ಕೌದಿಗೂ ಅದೇ ಅರ್ಥ."

ದೇಸಾಯರೂ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಒಪ್ಪಿದೆ. ಬೆಲೆ ಕಟ್ಟಲಾಗದ ಮಾಲು. ಆಗೋದೇ ಇಲ್ಲ ಅಂದಮೇಲೆ ನಾನು ಹೇಗೆ ಕಟ್ಟಲಿ?"

"ಬೆಲೆ ಕಟ್ಟೋದು ಬೇಡ ಧಣೀ" ಎಂದರು ಆಚಾರ್ಯರು. "ಗಂಟು ಕಟ್ಟಿಕೊಡಿ, ಸಾಕು."

ದೇಸಾಯರಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಮತ್ತೆ ನಕ್ಕರು. ಇಪ್ಪತ್ತರ ಜಾಗದಲ್ಲಿ ಮೂವತ್ತು ರೂಪಾಯಿ ಎಣಿಸಿ, ಮೇಲೊಂದು ಗಡಿಗೆ ತುಪ್ಪ ಕೊಡಿಸಿದರು.

ಗುರುಬಸವ್ವ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಬೆಲೆ ಇದ್ದಾಗ ಇಪ್ಪತ್ತು, ಬೆಲೆ ಇಲ್ಲದಾಗ ಮೂವತ್ತು. ಮುಂದಿನ ಕೌದಿಗೂ ಆ ಸಾಹೇಬರನ್ನೇ ಕರೆಸಿ, ಧಣೀ."